ದೇಸಿಯ ಆಟವೂ ಯಂತ್ರದ ಅಂಗಳವೂ

'ದೇಸಿ' ಎಂಬ ಶಬ್ದ ಕನ್ನಡಿಗರಿಗೆ ಹೊಸದಲ್ಲ. ಹತ್ತನೆಯ ಶತಮಾನದಲ್ಲಿಯೇ ಪಂಪನು ದೇಸಿ ಮಾರ್ಗಗಳೆರಡೂ ಕೂಡಿ ನಡೆಯುವುದನ್ನು ಕಾವ್ಯದ ಆದರ್ಶವೆಂದು ಎತ್ತಿಹಿಡಿದನು. ಅದೇ ಶಬ್ದವನ್ನು 2009ರಲ್ಲಿ ಜಪಾನಿನ ಸೋನಿ ಸಂಸ್ಥೆಯು ಒಂದು ವಿಡಿಯೋ ಗೇಮಿನ ತಲೆಬರಹದಲ್ಲಿ ಬಳಸಿಕೊಂಡಿತೆಂದರೆ ವಿದ್ಯಾರ್ಥಿಗಳಿಗೆ ವಿಸ್ಮಯವಾದೀತು. ಆ ಆಟದ ಹೆಸರು 'ದೇಸಿ ಅಡ್ಡಾ: ಗೇಮ್ಸ್ ಆಫ್ ಇಂಡಿಯಾ'. ಕಬಡ್ಡಿ, ಗಾಳಿಪಟ, ಚಿನ್ನಿದಾಂಡು ಮೊದಲಾದ ನಮ್ಮ ಬಯಲಿನ ಆಟಗಳು ಅದರ ಮೂಲಕ ಪರದೆಯನ್ನೇರಿದವು. ಇದು ಹೇಗೆ ನಡೆಯಿತು, ಇದರಿಂದ ನಮಗೆ ಬಂದುದೇನು, ಬಾರದೆ ಉಳಿದುದೇನು ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಸೋನಿಯು 1946ರಲ್ಲಿ ಟೋಕಿಯೋ ನಗರದಲ್ಲಿ ಮಸಾರು ಇಬುಕಾ ಮತ್ತು ಅಕಿಯೋ ಮೊರಿಟಾ ಎಂಬಿಬ್ಬರು ಕಟ್ಟಿದ ಸಂಸ್ಥೆ. ರೇಡಿಯೋ, ಟೇಪ್ ರೆಕಾರ್ಡರ್, ಟೆಲಿವಿಷನ್‌ಗಳಿಂದ ಅದು ಮನೆಮಾತಾಯಿತು. 1994ರಲ್ಲಿ 'ಪ್ಲೇಸ್ಟೇಷನ್' ಎಂಬ ಆಟದ ಯಂತ್ರವನ್ನೂ 2000ದಲ್ಲಿ ಅದರ ಎರಡನೆಯ ಆವೃತ್ತಿಯನ್ನೂ ಹೊರತಂದಿತು. ಈ ಎರಡನೆಯ ಯಂತ್ರವು ಜಗತ್ತಿನಾದ್ಯಂತ 15 ಕೋಟಿಗೂ ಮೀರಿ ಮಾರಾಟವಾಯಿತು.

ಆಟದ ಪ್ರಕಾಶನವೆಂದರೇನೆಂಬುದನ್ನು ಪುಸ್ತಕದ ದೃಷ್ಟಾಂತದಿಂದ ತಿಳಿಯಬಹುದು. ಆಟವನ್ನು ರಚಿಸುವ ತಂಡವು ಗ್ರಂಥಕರ್ತನಿದ್ದಂತೆ. ಹಣ ಹೂಡಿ, ತಪ್ಪು ತಿದ್ದಿಸಿ, ಅಂಗಡಿಗೆ ಮುಟ್ಟಿಸುವವನು ಪ್ರಕಾಶಕ. ಆದರೆ ಇಲ್ಲಿ ಒಂದು ಮುಖ್ಯವಾದ ಭೇದವುಂಟು. ಮೈಸೂರು ಅರಸರ ಕಾಲದಲ್ಲಿ ಸ್ಥಾಪಿತವಾಗಿ ಈಗ ಉತ್ಪಾದನೆ ನಿಂತಿರುವ ನಮ್ಮ ಭದ್ರಾವತಿಯ ಪೇಪರ್ ಮಿಲ್ಲು ತನ್ನ ಕಾಗದದ ಮೇಲೆ ಯಾರು ಏನನ್ನು ಅಚ್ಚು ಹಾಕುವರೆಂದು ಕೇಳುತ್ತಿರಲಿಲ್ಲ. ಕೊಂಡವನು ಶಾಸ್ತ್ರವನ್ನೂ ಅಚ್ಚು ಹಾಕಬಹುದಿತ್ತು, ಲಗ್ನಪತ್ರಿಕೆಯನ್ನೂ ಅಚ್ಚು ಹಾಕಬಹುದಿತ್ತು. ಆಟದ ಯಂತ್ರದ ವಿಷಯ ಹಾಗಲ್ಲ. ಅದನ್ನು ಮಾಡಿದ ಸಂಸ್ಥೆಯ ಅನುಮತಿಯಿಲ್ಲದೆ ಅದಕ್ಕಾಗಿ ಆಟದ ಡಿಸ್ಕನ್ನು ಕ್ರಮಬದ್ಧವಾಗಿ ಹೊರತರುವಂತಿಲ್ಲ. ಕಾಗದ ಮಾಡುವವನೇ ಪುಸ್ತಕವನ್ನು ಒಪ್ಪಬೇಕೆಂದರೆ ಹೇಗೋ, ಇದೂ ಹಾಗೆ.

2006ರಲ್ಲಿ ಮೂರನೆಯ ಯಂತ್ರ ಬಂದ ಮೇಲೆ ಶ್ರೀಮಂತ ದೇಶಗಳ ಗಮನ ಅತ್ತ ಹರಿಯಿತು. ಬೆಲೆ ಕಡಿಮೆಯಾದ ಎರಡನೆಯ ಯಂತ್ರಕ್ಕೆ ಭಾರತದಲ್ಲಿ ಇನ್ನೂ ಅವಕಾಶವಿತ್ತು. ಹೊಸಬರು ಅದನ್ನು ಕೊಳ್ಳಬೇಕಾದರೆ ಅವರು ಬಲ್ಲ ಕಥೆ, ಅವರು ಬಲ್ಲ ಆಟ ಅದರಲ್ಲಿರಬೇಕಷ್ಟೆ. ಹೀಗೆ 2009ರಲ್ಲಿ ಹೈದರಾಬಾದಿನ ಅರೋನಾ ಸಂಸ್ಥೆ ರಚಿಸಿದ 'ಹನುಮಾನ್: ಬಾಯ್ ವಾರಿಯರ್' ಬಂದಿತು, ಅದೇ ನಗರದ ಗೇಮ್‌ಶಾಸ್ತ್ರ ಸಂಸ್ಥೆಯ 'ದೇಸಿ ಅಡ್ಡಾ' ಬಂದಿತು, 2010ರಲ್ಲಿ ಮುಂಬಯಿಯ ಟ್ರೈನ್ ಸಂಸ್ಥೆಯ 'ಸ್ಟ್ರೀಟ್ ಕ್ರಿಕೆಟ್ ಚಾಂಪಿಯನ್ಸ್' ಬಂದಿತು. ರಚಿಸಿದ ಕೈಗಳು ನಮ್ಮವು. ಅನುಮತಿಯ ಮುದ್ರೆ ಸೋನಿಯದು.

ಹನುಮಂತನ ಆಟಕ್ಕೆ ಆಕ್ಷೇಪವೂ ಬಂದಿತು. ಅಮೆರಿಕದ ನೆವಾಡಾ ಪ್ರಾಂತದ ಹಿಂದೂ ಮುಖಂಡ ರಾಜನ್ ಝೆಡ್ ಅವರು, ಆಡುವವನ ಗುಂಡಿಯೊತ್ತುವಿಕೆಗೆ ದೇವರನ್ನು ಅಧೀನಗೊಳಿಸುವುದು ಉಚಿತವಲ್ಲವೆಂದು ವಾದಿಸಿ, ಆಟವನ್ನು ಹಿಂತೆಗೆದುಕೊಳ್ಳುವಂತೆ ಒತ್ತಾಯಿಸಿದರು. ಈ ಮಾತನ್ನು ಲಘುವಾಗಿ ತಳ್ಳಿಹಾಕಲಾಗದು. ಹಾಗೆಂದು ಪೂರ್ಣವಾಗಿ ಒಪ್ಪುವುದೂ ಕಷ್ಟ. ನಮ್ಮ ಮಲೆನಾಡಿನಲ್ಲಿ ಯಕ್ಷಗಾನಕ್ಕೆ 'ಆಟ'ವೆಂದೇ ಹೆಸರು. ಅಲ್ಲಿ ಹನುಮಂತನು ಕುಣಿಯುತ್ತಾನೆ, ಹಾಸ್ಯವನ್ನೂ ಆಡುತ್ತಾನೆ. ಯಾರೂ ಅದನ್ನು ಅಪಚಾರವೆನ್ನರು. ಆದರೆ ವೇಷಧಾರಿಯು ಚೌಕಿಯಲ್ಲಿ ಗಣಪತಿಗೆ ಕೈಮುಗಿದು, ಗೆಜ್ಜೆ ಕಟ್ಟಿ, ಇರುಳೆಲ್ಲ ಬೆವರುತ್ತಾನೆ. ಪಾತ್ರವು ಅವನನ್ನು ಆಳುತ್ತದೆ. ಪರದೆಯ ಮುಂದೆ ಕುಳಿತವನಾದರೋ ಪಾತ್ರವನ್ನು ತಾನು ಆಳುತ್ತಾನೆ. ಆಕ್ಷೇಪದಲ್ಲಿ ಸಾರವೇನಾದರೂ ಇದ್ದರೆ ಅದು ಈ ಅಂತರದಲ್ಲಿದೆ.

ಬಯಲಾಟದ ಈ ಮಾತು ಬಯಲಿನ ಆಟಗಳಿಗೂ ಸಲ್ಲುತ್ತದೆ. ಕಬಡ್ಡಿಯ ಜೀವ ಉಸಿರಿನಲ್ಲಿದೆ. ಪರದೆಯ ಕಬಡ್ಡಿಯಲ್ಲಿ ಆಡುವವನ ಉಸಿರು ಕಟ್ಟುವುದಿಲ್ಲ. ಚಿನ್ನಿ ಹಾರಿಬಿದ್ದ ದೂರವನ್ನು ದಾಂಡಿನಿಂದ ಅಳೆಯುವಾಗ ನಡೆಯುವ ವಾದ, ಮುನಿಸು, ರಾಜಿ ಯಾವುದೂ ಡಿಸ್ಕಿನಲ್ಲಿ ಅಡಕವಾಗದು. ಅಲ್ಲಿ ಯಂತ್ರವೇ ತೀರ್ಪುಗಾರ. ಭಾಷೆಯ ಮಾತೂ ಉಂಟು. ನಮ್ಮಲ್ಲಿ ಚಿನ್ನಿದಾಂಡು, ಚಿಣ್ಣಿಕೋಲು, ಚಿಣಿಪಣಿ ಎಂದು ಸೀಮೆಗೊಂದು ಹೆಸರಿರುವ ಆಟ ಮಾರುಕಟ್ಟೆಯಲ್ಲಿ 'ಗಿಲ್ಲಿ ದಂಡಾ' ಎಂಬ ಒಂದೇ ಹೆಸರಿಗೆ ಇಳಿಯುತ್ತದೆ. ಸಂಸ್ಥೆಗೆ ಇಡೀ ಭಾರತವೇ ಒಂದು ಸೀಮೆ. ದೇಸಿಗಾದರೋ ಊರೂರೂ ಒಂದು ಸೀಮೆ.

ಆದುದರಿಂದ ಈ ಪ್ರಯತ್ನವು ನಿಷ್ಫಲವೆಂದು ತಿಳಿಯಬಾರದು. ನಮ್ಮ ಕಥೆಗೂ ಆಟಕ್ಕೂ ಜಗತ್ತಿನ ಯಂತ್ರದಲ್ಲಿ ಸ್ಥಾನವುಂಟೆಂಬುದನ್ನು, ಅವನ್ನು ರಚಿಸುವ ವಿದ್ಯೆ ನಮ್ಮವರಿಗೆ ಸಾಧ್ಯವೆಂಬುದನ್ನು ಅದು ತೋರಿಸಿಕೊಟ್ಟಿತು. 2023ರಲ್ಲಿ ಸೋನಿಯು 'ಇಂಡಿಯಾ ಹೀರೋ ಪ್ರಾಜೆಕ್ಟ್' ಎಂಬ ಹೆಸರಿನಲ್ಲಿ ಭಾರತೀಯ ರಚನಕಾರರಿಗೆ ಮತ್ತೆ ನೆರವು ಸಾರಿತು. ಇಂದು ಗಣಕವಿದ್ಯೆಯನ್ನು ಕಲಿಯುತ್ತಿರುವ ಶಿವಮೊಗ್ಗ ಭದ್ರಾವತಿಗಳ ಮಕ್ಕಳು ನಾಳೆ ಆ ಬಾಗಿಲನ್ನು ತಟ್ಟಬಹುದು. ತಟ್ಟುವಾಗ ಅವರ ನಾಲಗೆಯ ಮೇಲೆ ತಮ್ಮ ಊರಿನ ಆಟದ ಹೆಸರಿರಬೇಕು. ಅದಿರಬೇಕಾದರೆ ಇಂದು ಅವರು ಆ ಆಟವನ್ನು ಆಡಿರಬೇಕು.

ಪ್ಲೇಸ್ಟೇಷನ್ನಿನ ಎರಡನೆಯ ಯಂತ್ರದ ತಯಾರಿಕೆ 2013ರ ವೇಳೆಗೆ ನಿಂತುಹೋಯಿತು. ಯಂತ್ರ ಕೆಟ್ಟ ಮನೆಯಲ್ಲಿ ಆ ಡಿಸ್ಕು ಮೂಕವಾಯಿತು. ಚಿನ್ನಿದಾಂಡಿಗೆ ಬೇಕಾದುದು ಎರಡು ತುಂಡು ಕಟ್ಟಿಗೆ, ಒಂದು ಕುಳಿ, ಜೊತೆಗೆ ನಾಲ್ಕು ಮಂದಿ ಗೆಳೆಯರು. ಶಾಲೆಯ ಬಯಲು ಇನ್ನೂ ತೆರೆದೇ ಇದೆ.