ಟ್ರಾಕ್ಟರಿನ ಕ್ಲಚ್ ಸ್ವಿಚ್ಚು ಕೆಟ್ಟಾಗ

ಕೀಲಿಯನ್ನು ತಿರುಗಿಸಿದರೂ ಹಳೆಯ ಟ್ರಾಕ್ಟರಿನ ಸ್ಟಾರ್ಟರು ಸದ್ದು ಮಾಡದಿದ್ದರೆ, ಬ್ಯಾಟರಿಯೇ ಹೋಯಿತೆಂದು ಹೊಸದಕ್ಕೆ ಹಣ ತೆರುವವರುಂಟು. ಮೊದಲು ದೀಪವನ್ನು ಹೊತ್ತಿಸಿ ನೋಡತಕ್ಕದ್ದು. ದೀಪವು ಪ್ರಕಾಶವಾಗಿ ಉರಿದು, ಬ್ಯಾಟರಿಯ ತುದಿಗಳು ಬಿಗಿಯಾಗಿಯೂ ಶುಭ್ರವಾಗಿಯೂ ಇದ್ದು, ಫ್ಯೂಸೂ ಸರಿಯಿದ್ದಲ್ಲಿ, ಕ್ಲಚ್ ಪೆಡಲಿನ ಬಳಿಯ ಸುರಕ್ಷತಾ ಸ್ವಿಚ್ಚನ್ನು ಶಂಕಿಸಬೇಕು. ಈ ಸ್ವಿಚ್ಚುಳ್ಳ ಯಂತ್ರಗಳಲ್ಲಿ ಪೆಡಲನ್ನು ಪೂರ್ತಿ ತುಳಿದ ಹೊರತು ಸ್ಟಾರ್ಟರಿಗೆ ವಿದ್ಯುತ್ತು ಹರಿಯದು.

ಅನೇಕ ವೇಳೆ ಸ್ವಿಚ್ಚು ಕೆಟ್ಟೇ ಇರುವುದಿಲ್ಲ. ಗದ್ದೆಯ ಕೆಸರು ಮೆತ್ತಿ ಅದರ ಗುಂಡಿ ಸಿಕ್ಕಿಕೊಂಡಿರುತ್ತದೆ, ಇಲ್ಲವೆ ಸ್ವಿಚ್ಚು ಸಡಿಲವಾಗಿ ಸ್ಥಾನ ತಪ್ಪಿರುತ್ತದೆ. ಒರೆಸಿ, ನಟ್ಟನ್ನು ಬಿಗಿದು ಪುನಃ ನೋಡುವುದು. ಆಗಲೂ ಫಲವಿಲ್ಲದಿದ್ದರೆ ಎರಡು ತಂತಿಗಳನ್ನೂ ಕಳಚಿ, ಸ್ವಿಚ್ಚಿಗೆ ಮೀಟರು ಹಿಡಿಯತಕ್ಕದ್ದು. ಪೆಡಲು ತುಳಿದಾಗಲೂ ಸಂಪರ್ಕ ತೋರದಿದ್ದರೆ ಸ್ವಿಚ್ಚನ್ನು ಬದಲಾಯಿಸಬೇಕು.

ಕೆಲವರು ಆ ಎರಡು ತಂತಿಗಳನ್ನೇ ಹೆಣೆದುಬಿಡುವರು. ಮತ್ತೆ ಕೆಲವರು ನೆಲದ ಮೇಲೆ ನಿಂತು ಸ್ಟಾರ್ಟರಿನ ತುದಿಗಳಿಗೆ ಸ್ಕ್ರೂಡ್ರೈವರು ತಾಗಿಸುವರು. ಇದು ಸರ್ವಥಾ ಕೂಡದು. ಗೇರಿನಲ್ಲಿರುವ ಟ್ರಾಕ್ಟರು ಒಡನೆಯೇ ಮುನ್ನುಗ್ಗುವುದು. ಹಿಂದಿನ ಗಾಲಿಗೆ ಮೊದಲು ಸಿಕ್ಕುವವನು ಪಕ್ಕದಲ್ಲಿ ನಿಂತವನೇ. ಅಲ್ಪ ಬೆಲೆಯ ಸ್ವಿಚ್ಚಿಗಾಗಿ ಆಳಿನ ಪ್ರಾಣವನ್ನು ಒತ್ತೆಯಿಡುವುದು ಯಾವ ಉಳಿತಾಯವೋ ತಿಳಿಯದು.

ಮುಖಂಡರು ಬಿತ್ತನೆಗೆ ಮುಂಚೆ ಊರಿನ ಇಂತಹ ಟ್ರಾಕ್ಟರುಗಳನ್ನು ಒಮ್ಮೆ ಪರೀಕ್ಷಿಸುವಂತೆ ಹೇಳಬೇಕು. ಚಾಲಕನು ಆಸನದಲ್ಲಿ ಕುಳಿತು, ಬ್ರೇಕು ಹಾಕಿ, ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಕ್ಲಚ್ ತುಳಿಯದೆ ಕೀಲಿ ತಿರುಗಿಸಲಿ. ಸ್ಟಾರ್ಟರು ತಿರುಗಿದರೆ, ತಂತಿ ಹೆಣೆದಿದೆ ಇಲ್ಲವೆ ಸ್ವಿಚ್ಚು ಒಳಗೇ ಅಂಟಿಕೊಂಡಿದೆಯೆಂದು ತಿಳಿಯತಕ್ಕದ್ದು.