ಕೋಲಾರ ಭಾಗದ ಗಾದೆಗಳು ಮತ್ತು ಆಡುಮಾತು

ಕೋಲಾರ ಭಾಗದ ಗಾದೆಗಳು ಮತ್ತು ಆಡುಮಾತು ಎಂದರೆ ಕರ್ನಾಟಕದ ಆಗ್ನೇಯ ಗಡಿಯಲ್ಲಿರುವ ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಜನರು ದಿನಬಳಕೆಯಲ್ಲಿ ಆಡುವ ಕನ್ನಡದ ನುಡಿಗಟ್ಟುಗಳು, ಗಾದೆಗಳು ಮತ್ತು ವೃತ್ತಿಪದಗಳು. ಇವುಗಳಲ್ಲಿ ಹಲವು ಹಳೆಯ ಮೈಸೂರು ಪ್ರಾಂತ್ಯದ ಇತರೆಡೆಗಳಲ್ಲಿಯೂ ಬಳಕೆಯಲ್ಲಿವೆ. ಕನ್ನಡ, ತೆಲುಗು ಮತ್ತು ತಮಿಳು ಒಂದೇ ಸಂತೆಯಲ್ಲಿ ಕೇಳಿಬರುವುದು ಈ ಭಾಗದ ವಿಶೇಷ.

ಭಾಷಿಕ ಹಿನ್ನೆಲೆ

ಕೋಲಾರ ಜಿಲ್ಲೆಯು ಪೂರ್ವದಲ್ಲಿ ಆಂಧ್ರಪ್ರದೇಶಕ್ಕೂ ದಕ್ಷಿಣದಲ್ಲಿ ತಮಿಳುನಾಡಿಗೂ ಹೊಂದಿಕೊಂಡಿದೆ. ಶ್ರೀನಿವಾಸಪುರ ಮತ್ತು ಮುಳಬಾಗಿಲು ತಾಲ್ಲೂಕುಗಳ ಅನೇಕ ಮನೆಗಳಲ್ಲಿ ತೆಲುಗು ಮಾತೃಭಾಷೆಯಾಗಿದ್ದು, ಮಕ್ಕಳು ಶಾಲೆಯಲ್ಲಿ ಕನ್ನಡ ಕಲಿಯುತ್ತಾರೆ. ಇದರ ಗುರುತು ಊರ ಹೆಸರುಗಳಲ್ಲಿಯೂ ಇದೆ. ಕನ್ನಡದ ‘ಹಳ್ಳಿ’ ಎಂಬ ಕೊನೆಯ ಪದವು ಗೌನಿಪಲ್ಲಿಯಂತಹ ಹೆಸರುಗಳಲ್ಲಿ ‘ಪಲ್ಲಿ’ ಎಂದಾಗಿದೆ. ಶ್ರೀನಿವಾಸಪುರದ ಹಿಂದಿನ ಹೆಸರು ಪಾಪನಪಲ್ಲಿ. ಮುಳಬಾಗಿಲು ಎಂಬ ಹೆಸರು ‘ಮೂಡಲ ಬಾಗಿಲು’, ಅಂದರೆ ಪೂರ್ವದ ಬಾಗಿಲು ಎಂಬುದರಿಂದ ಬಂದಿದೆ. ಚಿನ್ನದ ಗಣಿಗಳಿಗೆ ದುಡಿಯಲು ಬಂದ ಕುಟುಂಬಗಳಿಂದಾಗಿ ಕೆ.ಜಿ.ಎಫ್. ಸುತ್ತಮುತ್ತ ತಮಿಳು ನೆಲೆಯೂರಿತು. 2001ರಲ್ಲಿ ಗಣಿಗಳು ಮುಚ್ಚಿದ ನಂತರವೂ ಅದು ಅಲ್ಲಿನ ಬೀದಿಯ ಭಾಷೆಯಾಗಿ ಉಳಿದಿದೆ.

ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ 1891ರಲ್ಲಿ ಜನಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಮನೆಮಾತು ತಮಿಳು. ಅವರು ಕನ್ನಡ ಸಣ್ಣಕತೆಯ ಪ್ರವರ್ತಕರೆನಿಸಿದರು. ಡಿ. ವಿ. ಗುಂಡಪ್ಪನವರು 1887ರಲ್ಲಿ ಮುಳಬಾಗಿಲಿನಲ್ಲಿ ಜನಿಸಿದರು.

ಆಡುಮಾತಿನ ಲಕ್ಷಣಗಳು

ಈ ಭಾಗದ ಗ್ರಾಮೀಣ ಮಾತಿನಲ್ಲಿ ಪದದ ಮೊದಲಿನ ಹಕಾರವು ಲೋಪವಾಗುತ್ತದೆ: ಹಾಲು ‘ಆಲು’ ಆಗುತ್ತದೆ, ಹಸು ‘ಅಸು’ ಆಗುತ್ತದೆ. ‘ಇದೆ’ ಎಂಬುದಕ್ಕೆ ‘ಐತೆ’, ‘ಇದ್ದಾನೆ’ ಎಂಬುದಕ್ಕೆ ‘ಅವ್ನೆ’, ‘ಇದ್ದಾಳೆ’ ಎಂಬುದಕ್ಕೆ ‘ಅವ್ಳೆ’ ಎನ್ನುತ್ತಾರೆ. ಇವೇ ರೂಪಗಳು ಬೇರೆ ಕ್ರಿಯಾಪದಗಳಿಗೂ ಸೇರುತ್ತವೆ. ‘ಬತ್ತಾವ್ನೆ’ ಎಂದರೆ ಬರುತ್ತಿದ್ದಾನೆ. ‘ಮಾಡವ್ನೆ’ ಎಂದರೆ ಮಾಡಿದ್ದಾನೆ. ಇವು ತಪ್ಪು ಉಚ್ಚಾರಣೆಗಳಲ್ಲ, ನಿಯಮಬದ್ಧವಾದ ಉಪಭಾಷಾ ರೂಪಗಳು.

ಮೂರು ಭಾಷೆಗಳಲ್ಲಿ ಒಂದೇ ಗಾದೆ

ಗಡಿಭಾಗದಲ್ಲಿ ಒಂದೇ ಅನುಭವವು ಮೂರು ಭಾಷೆಗಳ ಗಾದೆಯಾಗಿ ಕಾಣಿಸುತ್ತದೆ.

ತುಂಬಿದ ಕೊಡ ತುಳುಕುವುದಿಲ್ಲ: ತೆಲುಗಿನಲ್ಲಿ ‘ನಿಂಡು ಕುಂಡ ತೊಣಕದು’, ತಮಿಳಿನಲ್ಲಿ ‘ನಿರೈಕುಡಂ ತಳುಂಬಾದು’. ತಿಳಿದವರು ಆಡಂಬರ ಮಾಡುವುದಿಲ್ಲ ಎಂಬ ಅರ್ಥವು ಮೂರರಲ್ಲಿಯೂ ಒಂದೇ.

ದೂರದ ಬೆಟ್ಟ ನುಣ್ಣಗೆ: ತೆಲುಗಿನಲ್ಲಿ ‘ದೂರಪು ಕೊಂಡಲು ನುನುಪು’. ದೂರದಲ್ಲಿರುವುದರ ಕಷ್ಟ ಹತ್ತಿರ ಹೋದಾಗಲೇ ತಿಳಿಯುತ್ತದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ: ತಮಿಳಿನವಳು ನೆಲವನ್ನಲ್ಲದೆ ಕೂಡವನ್ನು, ಅಂದರೆ ಹಜಾರವನ್ನು ಡೊಂಕೆನ್ನುತ್ತಾಳೆ, ತೆಲುಗಿನಲ್ಲಿ ಮದ್ದಳೆಯೇ ಒಡೆದಿದೆ ಎನ್ನಲಾಗುತ್ತದೆ. ದೂಷಣೆಗೆ ಒಳಗಾಗುವ ವಸ್ತು ಬದಲಾದರೂ ತನ್ನ ಕೊರತೆಯನ್ನು ಮರೆಮಾಚುವ ಗುಣ ಬದಲಾಗುವುದಿಲ್ಲ.

ಮನೆ ಗೆದ್ದು ಮಾರು ಗೆಲ್ಲು: ತೆಲುಗಿನಲ್ಲಿ ‘ಇಂಟ ಗೆಲಿಚಿ ರಚ್ಚ ಗೆಲುವು’. ‘ರಚ್ಚ’ ಎಂದರೆ ಊರಿನವರು ಸಭೆ ಸೇರುವ ಜಾಗ.

ಇವುಗಳಲ್ಲಿ ಯಾವುದು ಮೂಲ, ಯಾವುದು ಅನುವಾದ ಎಂದು ಗುರುತಿಸುವುದು ಸುಲಭವಲ್ಲ. ಸೋದರ ಭಾಷೆಗಳನ್ನಾಡುವ ಜನರು ಒಟ್ಟಿಗೆ ಬದುಕಿದಾಗ ಗಾದೆಯು ಯಾರೊಬ್ಬರ ಸ್ವತ್ತಾಗಿಯೂ ಉಳಿಯುವುದಿಲ್ಲ.

ಬೇಸಾಯ ಮತ್ತು ಊಟದ ಮಾತುಗಳು

ಈ ಭಾಗದ ಮುಖ್ಯ ಆಹಾರ ರಾಗಿ. ಹಳ್ಳಿಗಳಲ್ಲಿ ಮುದ್ದೆಯನ್ನು ‘ಹಿಟ್ಟು’ ಎಂದೇ ಕರೆಯುವುದುಂಟು. ‘ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ’ ಎಂಬ ಗಾದೆಯಲ್ಲಿರುವುದು ಈ ಅರ್ಥ. ತೆಲುಗು ಮಾತಾಡುವ ಮನೆಗಳಲ್ಲಿ ಅದೇ ಮುದ್ದೆ ‘ಸಂಗಟಿ’ಯಾಗುತ್ತದೆ. ‘ಮುದ್ದೆ ಮುರಿಯುವುದು’ ಎಂದರೆ ಊಟ ಮಾಡುವುದು.

ಮಳೆಯನ್ನು ನಕ್ಷತ್ರಗಳ ಹೆಸರಿನಿಂದ ಎಣಿಸುವ ರೈತರಲ್ಲಿ ‘ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ’ ಎಂಬ ಮಾತು ಪ್ರಚಲಿತ. ಆರಿದ್ರ ಮಳೆ ಜೂನ್ ಕೊನೆಯ ಭಾಗದಲ್ಲಿ ಆರಂಭವಾಗುತ್ತದೆ. ‘ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು’ ಎಂಬುದು ಆಗಸ್ಟ್ ಉತ್ತರಾರ್ಧದ ಮಳೆಯ ಕುರಿತದ್ದು. ಮಳೆಯಾಶ್ರಿತ ರಾಗಿ ಹೊಲದಲ್ಲಿ ಎಳೆಯ ಪೈರಿರುವ ಆ ಸಮಯದಲ್ಲಿ ನೀರು ಅತ್ಯಗತ್ಯ.

ರೇಷ್ಮೆ ಸಾಕಣೆಗೂ ತನ್ನದೇ ನುಡಿಗಟ್ಟುಗಳಿವೆ. ಹುಳು ಪೊರೆ ಕಳಚುವ ಮುನ್ನ ಸೊಪ್ಪು ತಿನ್ನದೆ ಸುಮ್ಮನಿರುವುದನ್ನು ‘ಜ್ವರ’ ಎನ್ನುತ್ತಾರೆ. ಹುಳುವಿಗೆ ನಾಲ್ಕು ಜ್ವರಗಳು. ಗೂಡು ಕಟ್ಟಲು ಸಿದ್ಧವಾದಾಗ ಅದು ‘ಹಣ್ಣಾಯಿತು’ ಎನ್ನುತ್ತಾರೆ. ಆಗ ಅದನ್ನು ಚಂದ್ರಿಕೆಗೆ ಬಿಡಲಾಗುತ್ತದೆ.

ಕೆರೆಯ ಪದಗಳು

ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆ ಕೆರೆಗಳನ್ನೇ ನಂಬಿತ್ತು. ‘ಏರಿ’ ಎಂದರೆ ಕೆರೆಯ ಕಟ್ಟೆ, ‘ತೂಬು’ ನೀರು ಬಿಡುವ ದ್ವಾರ, ‘ಕೋಡಿ’ ಹೆಚ್ಚಾದ ನೀರು ಹೊರಹೋಗುವ ಜಾಗ, ‘ಅಚ್ಚುಕಟ್ಟು’ ಕೆರೆಯ ನೀರುಣ್ಣುವ ಭೂಮಿ. ಗಡಿ ದಾಟಿದರೆ ಅರ್ಥ ಜಾರುತ್ತದೆ: ತಮಿಳಿನಲ್ಲಿ ‘ಏರಿ’ ಎಂದರೆ ಕೆರೆಯೇ. ತೂಬು ತೆಲುಗಿನಲ್ಲಿ ‘ತೂಮು’. ತೂಬು ತೆರೆದು ಸರದಿಯಂತೆ ಗದ್ದೆಗಳಿಗೆ ನೀರು ಹಂಚುವವನೇ ‘ನೀರುಗಂಟಿ’.

ಸದ್ಯದ ಸ್ಥಿತಿ

ಕೊಳವೆಬಾವಿಗಳು ಹೆಚ್ಚಿ ಕೆರೆಗಳು ಬತ್ತಿದಂತೆ ನೀರುಗಂಟಿಯ ಕೆಲಸ ಕಡಿಮೆಯಾಯಿತು. ಆ ಪದವೂ ಹಿರಿಯರ ನೆನಪಿಗೆ ಸರಿಯಿತು. ಗಾದೆಗಳನ್ನು ಪುಸ್ತಕದಲ್ಲಿ ಸಂಗ್ರಹಿಸಿಡಬಹುದು. 1894ರಲ್ಲಿ ಪ್ರಕಟವಾದ ಕಿಟ್ಟೆಲ್ ನಿಘಂಟಿನಲ್ಲಿಯೂ ಸಾಕಷ್ಟು ಗಾದೆಗಳಿವೆ. ಆದರೆ ವೃತ್ತಿಪದವು ಉಳಿಯುವುದು ವೃತ್ತಿ ಇರುವವರೆಗೆ ಮಾತ್ರ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿತ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. 2021ರ ಭಾರಿ ಮಳೆಗೆ ಅನೇಕ ಕೆರೆಗಳು ತುಂಬಿದವು. ಬಹುಕಾಲದ ನಂತರ ‘ಕೆರೆ ಕೋಡಿ ಬಿದ್ದಿದೆ’ ಎಂಬ ಮಾತು ಮತ್ತೆ ಕೇಳಿಬಂದಿತು.

ಶಾಲೆಯ ಗ್ರಾಂಥಿಕ ಕನ್ನಡ ಮತ್ತು ನಗರದ ಪ್ರಭಾವದಿಂದ ‘ಐತೆ’, ‘ಬತ್ತಾವ್ನೆ’ ಮೊದಲಾದ ರೂಪಗಳನ್ನು ಆಡಲು ಕಿರಿಯರು ಹಿಂಜರಿಯುವುದುಂಟು. ಮನೆಯ ಹಿರಿಯರ ಗಾದೆಗಳನ್ನು ಅವರು ಆಡುವ ರೂಪದಲ್ಲಿಯೇ, ಸಂದರ್ಭ ಸಹಿತ ಬರೆದಿಡುವುದು ವಿದ್ಯಾರ್ಥಿಗಳೂ ಮಾಡಬಹುದಾದ ದಾಖಲೀಕರಣದ ಕೆಲಸವಾಗಿದೆ.