ಸೀಳುಕಮರಿಯಲ್ಲಿ ಒಂದು ದಿನ: ಹೊರಡುವ ಮುನ್ನ ಹಾಕಬೇಕಾದ ಲೆಕ್ಕ

(ಅತಿಥಿ ಉಪನ್ಯಾಸದ ಬರಹರೂಪ)



ಪಾಲೋ ಆಲ್ಟೋ ಮತ್ತು ಅದರ ಸುತ್ತಲಿನ ಊರುಗಳಲ್ಲಿ ನೆಲೆಸಿರುವ ನಮಗೆ ದೀರ್ಘ ವಾರಾಂತ್ಯ ಬಂತೆಂದರೆ ಪ್ರಕೃತಿದರ್ಶನದ ಹಂಬಲ ಮೂಡುವುದು ಸಹಜ. ಯೊಸೆಮಿಟಿ, ಲೇಕ್ ಟಾಹೋಗಳನ್ನು ನೋಡಿ ಮುಗಿಸಿದವರ ದೃಷ್ಟಿ ಯೂಟಾ ಮತ್ತು ಅರಿಜೋನಾ ರಾಜ್ಯಗಳ ಕೆಂಪು ಮರಳುಗಲ್ಲಿನ ನಾಡಿನತ್ತ ಹೊರಳುತ್ತದೆ. ಆ ಮರುಭೂಮಿಯಲ್ಲಿ ನೀರು ಕೊರೆದ, ಎರಡು ಗೋಡೆಗಳ ನಡುವೆ ಒಬ್ಬರ ಹಿಂದೊಬ್ಬರು ನಡೆಯಬೇಕಾದ ಕಂದರಗಳಿವೆ. ಅವುಗಳನ್ನು ಈ ಉಪನ್ಯಾಸದಲ್ಲಿ ಸೀಳುಕಮರಿ ಎಂದು ಕರೆಯೋಣ. ಅವುಗಳ ಚೆಲುವನ್ನು ಛಾಯಾಚಿತ್ರಗಳು ಸಾರುತ್ತವೆ. ಒಳಹೊಕ್ಕವರು ಕ್ಷೇಮವಾಗಿ ಹೊರಬರಲು ಏನೇನು ಸಿದ್ಧತೆ ಬೇಕೆಂಬುದನ್ನು ಅವು ತಿಳಿಸುವುದಿಲ್ಲ. ಆ ಸಿದ್ಧತೆಯೇ ಇಂದಿನ ನಮ್ಮ ವಿಷಯ.

ಉದಾಹರಣೆಗಾಗಿ ಬಕ್‌ಸ್ಕಿನ್ ಗಲ್ಚ್ ಎಂಬ ಕಮರಿಯನ್ನು ತೆಗೆದುಕೊಳ್ಳೋಣ. ಯೂಟಾ-ಅರಿಜೋನಾ ಗಡಿಯಲ್ಲಿ, 1984ರಲ್ಲಿ ಸಂರಕ್ಷಿತ ವನ್ಯಪ್ರದೇಶವೆಂದು ಘೋಷಿತವಾದ ಪರಿಯಾ ಕ್ಯಾನ್ಯನ್-ವರ್ಮಿಲಿಯನ್ ಕ್ಲಿಫ್ಸ್ ಸೀಮೆಯಲ್ಲಿ ಇದು ಇದೆ. ಬಾದಾಮಿಯ ಉತ್ತರದ ಕೋಟೆಗೆ ಹತ್ತಿದವರಿಗೆ, ಕೆಂಬಂಡೆಗಳ ನಡುವೆ ಆಕಾಶವು ಕಿರುಪಟ್ಟಿಯಾಗಿ ಕಾಣುವ ಆ ಇಕ್ಕಟ್ಟು ದಾರಿ ನೆನಪಿರಬಹುದು. ಅದನ್ನೇ ಸುಮಾರು 13 ಮೈಲಿ ಉದ್ದಕ್ಕೆ ಎಳೆದು, ಗೋಡೆಗಳನ್ನು ಕೆಲವೆಡೆ 400 ಅಡಿಯಷ್ಟು ಎತ್ತರಿಸಿ ಕಲ್ಪಿಸಿಕೊಂಡರೆ ಬಕ್‌ಸ್ಕಿನ್ನಿನ ಅಂದಾಜು ದೊರೆಯುತ್ತದೆ. ವೈರ್ ಪಾಸ್ ಎಂಬಲ್ಲಿ ಇಳಿದು, ಕಮರಿಯುದ್ದಕ್ಕೂ ನಡೆದು ಪರಿಯಾ ನದಿಯನ್ನು ಸೇರಿ, ಆ ನದಿಯ ಪಾತ್ರದಲ್ಲೇ ಸುಮಾರು 7 ಮೈಲಿ ಮೇಲ್ಮುಖವಾಗಿ ಸಾಗಿ ವೈಟ್ ಹೌಸ್ ಎಂಬ ತಾಣದಲ್ಲಿ ಹೊರಬರುವುದು ಒಂದು ದಿನದ ಕಠಿಣ ಚಾರಣ. ಒಟ್ಟು ದೂರ ಸುಮಾರು 20 ಮೈಲಿ, ಅಂದರೆ 32 ಕಿಲೋಮೀಟರ್.

ಈ ಕಮರಿ ಹುಟ್ಟಿದ್ದು ಹೇಗೆ? ಜುರಾಸಿಕ್ ಯುಗದ ಆದಿಯಲ್ಲಿ, ಸುಮಾರು 18 ಕೋಟಿ ವರ್ಷಗಳಿಗೂ ಹಿಂದೆ, ಇಲ್ಲಿ ಮರಳುದಿಬ್ಬಗಳ ಮಹಾಸಾಗರವೇ ಇತ್ತು. ಅದು ಗಟ್ಟಿಗೊಂಡು ನವಾಹೋ ಮರಳುಗಲ್ಲಾಯಿತು. ಆ ಕಲ್ಲಿನ ಬಿರುಕುಗಳಲ್ಲಿ ಮರಳು, ಕಲ್ಲುಗಳನ್ನು ಹೊತ್ತ ಪ್ರವಾಹಗಳು ಗರಗಸದಂತೆ ಹರಿದು ಆಳವಾಗಿ ಕೊಯ್ದವು. ಅಂದರೆ ಪ್ರವಾಹವು ಸೀಳುಕಮರಿಗೆ ಅಪರೂಪಕ್ಕೆ ಒದಗುವ ಅಪಘಾತವಲ್ಲ. ಕಮರಿಯನ್ನು ನಿರ್ಮಿಸಿದ ಶಕ್ತಿಯೇ ಅದು. ಆ ಕೆಲಸ ಇನ್ನೂ ನಡೆಯುತ್ತಲೇ ಇದೆ.

ಉತ್ತರ ಕರ್ನಾಟಕದ ಬಯಲುಸೀಮೆಯಿಂದ ಬಂದವರಿಗೆ 'ಹಳ್ಳ ಬಂತು' ಎಂಬ ಮಾತು ಹೊಸದಲ್ಲ. ಊರಿನಲ್ಲಿ ಒಂದು ಹನಿಯೂ ಬಿದ್ದಿರುವುದಿಲ್ಲ. ಮೇಲಣ ಸೀಮೆಯಲ್ಲಿ ಸುರಿದ ಮಳೆ ಒಣಗಿದ್ದ ಹಳ್ಳವನ್ನು ಕ್ಷಣಾರ್ಧದಲ್ಲಿ ತುಂಬುತ್ತದೆ. ಜನರು ದಡದಲ್ಲಿ ನಿಂತು ನೀರು ಇಳಿಯುವವರೆಗೆ ಕಾಯುತ್ತಾರೆ. ಸೀಳುಕಮರಿಯಲ್ಲಿರುವ ವ್ಯತ್ಯಾಸವೆಂದರೆ, ಅಲ್ಲಿ ನಿಲ್ಲಲು ದಡವಿಲ್ಲ. ಒಂದು ಸರಳ ಲೆಕ್ಕವನ್ನು ಗಮನಿಸಿರಿ. 100 ಅಡಿ ಅಗಲದ ಹಳ್ಳದಲ್ಲಿ 1 ಅಡಿ ಆಳದ ನೀರು ಹರಿಯುತ್ತಿದೆ ಎಂದುಕೊಳ್ಳೋಣ. ಅದೇ ನೀರು ಅದೇ ವೇಗದಲ್ಲಿ 10 ಅಡಿ ಅಗಲದ ಕಮರಿಯನ್ನು ಹೊಕ್ಕರೆ ಅದರ ಆಳ 10 ಅಡಿಯಾಗುತ್ತದೆ. ಮೇಲೆ ಪಾದ ಮುಳುಗಿಸುವ ನೀರು ಒಳಗೆ ತಲೆಯ ಮೇಲೆ ಹರಿಯುತ್ತದೆ. ಬರಿಬಂಡೆಯ, ಗಿಡಮರ ವಿರಳವಾದ ಆ ನೆಲ ಮಳೆಯನ್ನು ಹೀರಿಕೊಳ್ಳುವುದೂ ಅತ್ಯಲ್ಪ.

ಇದು ಕೇವಲ ಊಹೆಯ ಮಾತಲ್ಲ. 1997ರ ಆಗಸ್ಟ್ 12ರಂದು ಅರಿಜೋನಾದ ಪೇಜ್ ಪಟ್ಟಣದ ಬಳಿ ಲೋವರ್ ಆಂಟಲೋಪ್ ಕಮರಿಯಲ್ಲಿ 11 ಮಂದಿ ಪ್ರವಾಸಿಗರು ಪ್ರವಾಹಕ್ಕೆ ಬಲಿಯಾದರು. ಬಿರುಮಳೆ ಸುರಿದದ್ದು ಮೇಲಣ ಜಲಾನಯನದಲ್ಲಿ, ಮೈಲಿಗಟ್ಟಲೆ ದೂರದಲ್ಲಿ. 2015ರ ಸೆಪ್ಟೆಂಬರ್ 14ರಂದು ಝಯಾನ್ ರಾಷ್ಟ್ರೀಯ ಉದ್ಯಾನದ ಕೀಹೋಲ್ ಕಮರಿಯಲ್ಲಿ 7 ಮಂದಿ ಸತ್ತರು. ಅವರು ಅಂದು ಬೆಳಗ್ಗೆಯೇ ಅನುಮತಿಪತ್ರ ಪಡೆದಿದ್ದರು. ಪ್ರವಾಹ ಸಂಭಾವ್ಯವೆಂಬ ಮುನ್ಸೂಚನೆಯೂ ಅಂದು ಪ್ರಕಟವಾಗಿತ್ತು. ಅದೇ ದಿನ ಸಮೀಪದ ಹಿಲ್ಡೇಲ್ ಊರಿನಲ್ಲಿ ವಾಹನಗಳಲ್ಲಿದ್ದ ತಾಯಂದಿರೂ ಮಕ್ಕಳೂ ಪ್ರವಾಹದಲ್ಲಿ ಕೊಚ್ಚಿಹೋದರು. ಈ ದುರಂತಗಳಿಂದ ನಾವು ಕಲಿಯಬೇಕಾದ ಪಾಠ ಮೂರು. ನಮ್ಮ ತಲೆಯ ಮೇಲಿನ ಆಕಾಶ ನೀಲಿಯಾಗಿರುವುದು ಸುರಕ್ಷಿತತೆಯ ಪ್ರಮಾಣವಲ್ಲ. ಅನುಮತಿಪತ್ರವೆಂಬುದು ಪ್ರವೇಶದ ಹಕ್ಕೇ ಹೊರತು ಕ್ಷೇಮದ ಭರವಸೆಯಲ್ಲ. ಕಮರಿಗೆ ಹೋಗುವ ರಸ್ತೆಯೂ ಕಮರಿಯಷ್ಟೇ ಅಪಾಯಕಾರಿಯಾಗಬಲ್ಲುದು.

ಆದ್ದರಿಂದ ಮೊದಲ ಲೆಕ್ಕ ಋತುವಿನದು. ಜುಲೈ ಮಧ್ಯಭಾಗದಿಂದ ಸೆಪ್ಟೆಂಬರಿನವರೆಗೆ ಅಲ್ಲಿಗೂ ಮಾನ್ಸೂನ್ ಬರುತ್ತದೆ. ಅದು ನಮ್ಮ ಜಿಟಿಜಿಟಿ ಮುಂಗಾರಲ್ಲ. ಮಧ್ಯಾಹ್ನದ ಹೊತ್ತಿಗೆ ಥಟ್ಟನೆ ಎದ್ದು ಸುರಿಯುವ ಗುಡುಗುಮಳೆ. ಆ ತಿಂಗಳುಗಳನ್ನು ಬಿಟ್ಟುಬಿಡುವುದೇ ವಿವೇಕ. ವಸಂತದ ಆರಂಭದಲ್ಲಿ ಕಮರಿಯ ಗುಂಡಿಗಳಲ್ಲಿ ಸೊಂಟದವರೆಗೂ ಕೆಲವೊಮ್ಮೆ ಎದೆಯವರೆಗೂ ಕೊರೆಯುವ ಕೆಸರುನೀರು ನಿಂತಿರುತ್ತದೆ. ಬಿಸಿಲು ತಲುಪದ ಆ ಜಾಗದಲ್ಲಿ ಒದ್ದೆಯಾದ ದೇಹ ಬಹು ಬೇಗ ಶಾಖ ಕಳೆದುಕೊಳ್ಳುತ್ತದೆ. ಶರತ್ಕಾಲದಲ್ಲಿ ಹವೆ ಹಿತವಾಗಿದ್ದರೂ ಹಗಲು ಚಿಕ್ಕದು. ಹೀಗಾಗಿ ಒಂದೇ ದಿನದಲ್ಲಿ ಮುಗಿಸುವವರಿಗೆ ಮೇ ತಿಂಗಳ ಕೊನೆ ಮತ್ತು ಜೂನ್ ತಿಂಗಳ ಮೊದಲ ಭಾಗ ಹೆಚ್ಚು ಅನುಕೂಲ. ಆಗಲೂ ರಾಷ್ಟ್ರೀಯ ಹವಾಮಾನ ಸೇವೆಯ ಮುನ್ಸೂಚನೆಯನ್ನು ಹಿಂದಿನ ರಾತ್ರಿಯೂ ಅಂದು ಬೆಳಗ್ಗೆಯೂ ನೋಡಲೇಬೇಕು. ಪರಿಯಾ ನದಿಯ ಮೂಲ ಉತ್ತರದಲ್ಲಿ, ಬ್ರೈಸ್ ಕ್ಯಾನ್ಯನ್ನಿನ ಕಡೆ ಇರುವುದರಿಂದ ಅಲ್ಲಿಯ ಮಳೆಯ ಸಾಧ್ಯತೆಯನ್ನೂ ಪರಿಶೀಲಿಸಬೇಕು.

ಎರಡನೆಯ ಲೆಕ್ಕ ಗಡಿಯಾರದ್ದು. ಮರಳು, ಉರುಳುಗಲ್ಲು, ನೀರುಗುಂಡಿಗಳ ನಡುವೆ ಗಂಟೆಗೆ ಒಂದೂಮುಕ್ಕಾಲು ಮೈಲಿ ನಡೆದರೆ 13 ಮೈಲಿಗೆ ಏಳೂವರೆ ಗಂಟೆ. ಪರಿಯಾ ಸಂಗಮಕ್ಕೆ ಮುನ್ನ ದೊಡ್ಡ ಬಂಡೆಗಳು ಬಿದ್ದು ದಾರಿಗಟ್ಟಿರುವ ಒಂದು ಎಡೆಯಿದೆ. ಅಲ್ಲಿ ಹಗ್ಗ ಹಿಡಿದು ಎಚ್ಚರಿಕೆಯಿಂದ ಇಳಿಯಲು ತಂಡಕ್ಕೆ ಒಂದು ಗಂಟೆ ಹಿಡಿಯಬಹುದು. ಹಿಂದಿನವರು ಕಟ್ಟಿಬಿಟ್ಟ ಹಗ್ಗವನ್ನು ನಂಬುವಂತಿಲ್ಲ. ನಮ್ಮದನ್ನು ನಾವೇ ಒಯ್ಯಬೇಕು. ಕೊನೆಯ 7 ಮೈಲಿಗೆ ಮೂರೂವರೆ ಗಂಟೆ. ಒಟ್ಟು 12 ಗಂಟೆ. ಬೆಳಗಿನ 6ಕ್ಕೆ ಹೊರಟರೆ ಸಂಜೆ 6ಕ್ಕೆ ಮುಗಿಯುತ್ತದೆ. ಜೂನ್ ತಿಂಗಳಲ್ಲಿ ಕತ್ತಲಾಗಲು ಇನ್ನೂ ಎರಡು ಗಂಟೆಗೂ ಹೆಚ್ಚು ಸಮಯ ಉಳಿಯುತ್ತದೆ. ಅಕ್ಟೋಬರಿನಲ್ಲಿ ಉಳಿಯುವ ಸಮಯ ಬಹಳ ಕಡಿಮೆ. ಸುಮಾರು 8 ಮೈಲಿಯ ಹತ್ತಿರ ಮಿಡಲ್ ರೂಟ್ ಎಂಬ, ಕಡಿದಾದ ಬಂಡೆಯನ್ನೇರಿ ಹೊರಹೋಗುವ ಏಕೈಕ ಮಾರ್ಗವಿದೆ. ಅನುಭವವಿಲ್ಲದವರು ಅದನ್ನು ನೆಚ್ಚಬಾರದು. ಆದರೆ ಅದನ್ನು ಒಂದು ಗಡುವಿನ ಗುರುತಾಗಿ ಬಳಸಬಹುದು: 11 ಗಂಟೆಯೊಳಗೆ ಅಲ್ಲಿ ತಲುಪದಿದ್ದರೆ ಬಂದ ದಾರಿಯಲ್ಲೇ ಹಿಂದಿರುಗತಕ್ಕದ್ದು. ಯೂಟಾದ ಗಡಿಯಾರ ಕ್ಯಾಲಿಫೋರ್ನಿಯಾಕ್ಕಿಂತ ಒಂದು ಗಂಟೆ ಮುಂದಿರುತ್ತದೆ. ಅರಿಜೋನಾದ ಬಹುಭಾಗದಲ್ಲಿ ಬೇಸಗೆಯ ಸಮಯ ಬದಲಾವಣೆ ಇಲ್ಲ. ಗಡಿಯ ಬಳಿ ಫೋನಿನ ಗಡಿಯಾರ ಗೊಂದಲಕ್ಕೀಡುಮಾಡಬಲ್ಲುದರಿಂದ ಕೈಗಡಿಯಾರವೊಂದನ್ನು ಯೂಟಾದ ಸಮಯಕ್ಕೆ ಹೊಂದಿಸಿಟ್ಟುಕೊಳ್ಳುವುದು ಲೇಸು.

ಮೂರನೆಯದು ಸಾಮಗ್ರಿ ಮತ್ತು ವ್ಯವಸ್ಥೆ. ದಿನದ ಅನುಮತಿಯನ್ನು ಮುಂಚಿತವಾಗಿ ಕೊಳ್ಳಬೇಕು. ಇದೇ ವೈರ್ ಪಾಸಿನಿಂದ ಹೊರಡುವ 'ದಿ ವೇವ್' ಎಂಬ ಪ್ರಸಿದ್ಧ ತಾಣಕ್ಕೆ ಬೇಕಾದ ಲಾಟರಿಯ ಅನುಮತಿಯೇ ಬೇರೆ. ಆರಂಭ ಮತ್ತು ಅಂತ್ಯದ ಸ್ಥಳಗಳು ಬೇರೆಬೇರೆಯಾದ್ದರಿಂದ ಎರಡು ವಾಹನಗಳು ಅಗತ್ಯ. ಹೆದ್ದಾರಿಯಿಂದ ವೈರ್ ಪಾಸಿಗೆ ಹೋಗುವ ಸುಮಾರು 8 ಮೈಲಿ ಮಣ್ಣಿನ ರಸ್ತೆ ಮಳೆ ಬಂದರೆ ಕೆಸರಾಗಿ ವಾಹನಗಳನ್ನು ಹಿಡಿದಿಡುತ್ತದೆ. ತಲೆಗೊಂದು ಗ್ಯಾಲನ್ ನೀರು ಹೊರಬೇಕು. ಪರಿಯಾ ನದಿಯ ನೀರು ಹೂಳಿನಿಂದ ತುಂಬಿರುವುದರಿಂದ ಅದನ್ನು ನೆಚ್ಚುವಂತಿಲ್ಲ. ಉಪ್ಪಿಲ್ಲದೆ ಬರಿಯ ನೀರನ್ನೇ ವಿಪರೀತ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆಸುತ್ತು, ಭ್ರಮೆಗಳುಂಟಾಗುತ್ತವೆ. ಈ ವಿಷಯದಲ್ಲಿ ನಮ್ಮ ಬುತ್ತಿಯೇ ಉತ್ತಮ: ಚಪಾತಿ, ಚಟ್ನಿಪುಡಿ, ಖಾರದ ಅವಲಕ್ಕಿ, ಚಕ್ಕುಲಿ. ಮೊಸರನ್ನ ಮಾತ್ರ ಮನೆಯಲ್ಲೇ ಇರಲಿ. ಬೆಚ್ಚನೆಯ ಮೇಲಂಗಿಯೊಂದು, ಒಣಬಟ್ಟೆ, ತಲೆಗೆ ಕಟ್ಟುವ ದೀಪ, ತ್ಯಾಜ್ಯವನ್ನು ಹೊರತರಲು ಚೀಲ ಇವು ಪ್ರತಿಯೊಬ್ಬರ ಬಳಿಯೂ ಇರಬೇಕು. ಕಮರಿಯಲ್ಲಿ ಫೋನು ಸತ್ತಂತೆಯೇ. ಎತ್ತರದ ಗೋಡೆಗಳ ನಡುವೆ ಉಪಗ್ರಹ ಸಾಧನಗಳೂ ನೆಚ್ಚಿಕೆಗೆ ಅರ್ಹವಲ್ಲ. ಆದ್ದರಿಂದ ಪಾಲೋ ಆಲ್ಟೋದಲ್ಲಿ ಉಳಿಯುವ ಒಬ್ಬರಿಗೆ ದಾರಿಯ ನಕ್ಷೆ, ವಾಹನಗಳ ವಿವರ, ನಾವು ಹೊರಬರುವ ಹೊತ್ತು, ಇಷ್ಟು ಗಂಟೆಯವರೆಗೂ ಸುದ್ದಿ ಬಾರದಿದ್ದರೆ ಯೂಟಾದ ಕೇನ್ ಕೌಂಟಿಯ ಷೆರಿಫ್ ಕಚೇರಿಗೆ ತಿಳಿಸಬೇಕೆಂಬ ಸೂಚನೆ ಇವನ್ನು ಬರೆದು ಕೊಟ್ಟಿರಬೇಕು.

ದೇಹದ ಸಿದ್ಧತೆಗೆ ದೂರ ಹೋಗಬೇಕಾಗಿಲ್ಲ. ರಾಂಚೋ ಸ್ಯಾನ್ ಆಂಟೋನಿಯೋದಿಂದ ಬ್ಲ್ಯಾಕ್ ಮೌಂಟನ್ ಏರಿ ಇಳಿಯುವುದು, ವಿಂಡಿ ಹಿಲ್, ಮಿಷನ್ ಪೀಕ್ ಇವೆಲ್ಲ ನಮ್ಮ ಬಾಗಿಲಲ್ಲೇ ಇವೆ. ಎರಡು ಮೂರು ತಿಂಗಳಲ್ಲಿ ದೂರವನ್ನು ಹಂತಹಂತವಾಗಿ 15 ಮೈಲಿಗೆ ಏರಿಸಬೇಕು, ಅದೂ ತುಂಬಿದ ಚೀಲ ಹೊತ್ತು. ಇಕ್ಕಟ್ಟಿನ ಭಯ ಯಾರಿಗಿದೆ ಎಂದು ತಿಳಿಯಲು, 2013ರಲ್ಲಿ ರಾಷ್ಟ್ರೀಯ ಉದ್ಯಾನವಾದ ಪಿನ್ನಕಲ್ಸ್‌ನ ಬಂಡೆಗವಿಗಳಲ್ಲಿ ಒಮ್ಮೆ ದೀಪ ಹಿಡಿದು ನಡೆದು ನೋಡಬಹುದು.

ಕೊನೆಯದಾಗಿ, ಯಾವ ಕೈಪಿಡಿಯಲ್ಲೂ ಕಾಣದ ಒಂದು ಅಪಾಯವನ್ನು ಹೇಳಬೇಕು. ಅದು ನಮ್ಮ ದಾಕ್ಷಿಣ್ಯ. ಸುಮಾರು 700 ಮೈಲಿ ಕಾರು ಓಡಿಸಿ ಬಂದಾಗಿದೆ, ರಜೆ ಮತ್ತೆ ಸಿಗುವುದಿಲ್ಲ, ಹಿರಿಯರು ಉತ್ಸಾಹದಲ್ಲಿದ್ದಾರೆ. ಹೀಗಿರುವಾಗ ಮಂಡಿ ನೋಯುತ್ತಿದೆ ಎಂದು ಹೇಳಲು ಒಬ್ಬರು ಸಂಕೋಚಪಡುತ್ತಾರೆ, ಮೋಡ ಕಾಣುತ್ತಿದೆ ಎನ್ನಲು ಕಿರಿಯನೊಬ್ಬ ಹಿಂಜರಿಯುತ್ತಾನೆ. ಊಟದ ಪಂಕ್ತಿಯಲ್ಲಿ ಈ ಸಂಕೋಚ ಸದ್ಗುಣ. ಕಮರಿಯ ಬಾಯಲ್ಲಿ ಅದು ಪ್ರಾಣಕ್ಕೆ ಎರವು. ಆದುದರಿಂದ ಮನೆ ಬಿಡುವ ಮೊದಲೇ ಒಂದು ಒಪ್ಪಂದವಾಗಬೇಕು: ತಂಡದ ಯಾರೇ ಒಬ್ಬರು ಬೇಡವೆಂದರೂ ಎಲ್ಲರೂ ನಿಲ್ಲುವುದು; ಅವರಿಂದ ಕಾರಣ ಕೇಳದಿರುವುದು; ಮರಳಿ ಬಂದ ಮೇಲೆ ಅದನ್ನು ಆಡಿಕೊಳ್ಳದಿರುವುದು.

ಹಾಗೆ ನಿಂತರೆ ಪ್ರವಾಸ ವ್ಯರ್ಥವೆಂದು ಭಾವಿಸಬೇಕಿಲ್ಲ. ಹವೆ ತಿಳಿಯಾಗಿದ್ದು ಬಲ ಮಾತ್ರ ಸಾಲದಿದ್ದವರು ವೈರ್ ಪಾಸಿನಿಂದ ಬಕ್‌ಸ್ಕಿನ್ ಸೇರುವವರೆಗಿನ 1.7 ಮೈಲಿ ನಡೆದು ಹಿಂದಿರುಗಬಹುದು. ನಡುವೆ ಬಂಡೆಯಿಳಿಯುವ ಒಂದು ಜಾಗದಲ್ಲಿ ಪರಸ್ಪರ ನೆರವಾಗಬೇಕು. ಆ ಸಂಗಮದ ಗೋಡೆಯಲ್ಲಿ ಪ್ರಾಚೀನರು ಕಲ್ಲಿನಲ್ಲಿ ಕೊರೆದ ಕಾಡುಕುರಿಗಳ ಚಿತ್ರಗಳಿವೆ, ಮುಟ್ಟದೆ ನೋಡತಕ್ಕವು. ಮುನ್ಸೂಚನೆ ಕೆಟ್ಟಿದ್ದರೆ ಅದೂ ಬೇಡ. ಅಂದು ಬೆಟ್ಟದ ಮೇಲಿನ ದಾರಿಗಳನ್ನು ಆರಿಸಿಕೊಳ್ಳೋಣ. ಕಮರಿಗೆ ಮತ್ತೊಂದು ವರ್ಷ ಬರೋಣ.